ಆಟಗಾರನು ಯಾರ ಸ್ವತ್ತು? ಬೆಂಗಳೂರಿನ ಕಾಲ್ಚೆಂಡಾಟಗಾರರ ವಲಸೆಯೂ ಕರಾರಿನ ಇತಿಹಾಸವೂ

ಚೆನ್ನೈಯ ಅಣ್ಣಾ ನಗರ್ ಬಡಾವಣೆಯ ಗೋಪುರೋದ್ಯಾನಕ್ಕೆ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಿದೆ. 1968ರ ವ್ಯಾಪಾರ ಮೇಳದ ಸಂದರ್ಭದಲ್ಲಿ ನಿರ್ಮಿತವಾದ ಆ ಗೋಪುರದ ಸುತ್ತ ಸಂಜೆಯ ವೇಳೆ ವಾಯುವಿಹಾರಕ್ಕೆ ಬರುವವರಲ್ಲಿ ಕನ್ನಡಿಗರೂ ಉಂಟು. ಕಾಲ್ಚೆಂಡಾಟದ ಕ್ಲಬ್ಬುಗಳು ಆಟಗಾರರನ್ನು ಕೊಡುವ, ಕೊಳ್ಳುವ ಜೂನ್, ಜುಲೈ ತಿಂಗಳುಗಳಲ್ಲಿ ಅಲ್ಲಿಯ ತರುಣರ ಮಾತು ಸಹ ಒಂದು ಬಗೆಯ ವ್ಯಾಪಾರವನ್ನು ಕುರಿತೇ ನಡೆಯುವುದು. 2016ರಿಂದ ಚೆನ್ನೈಯಿನ್ ಕ್ಲಬ್ಬಿನಲ್ಲಿ ಆಡಿ, ಅದರ ನಾಯಕನೂ ಆಗಿದ್ದ ಅನಿರುದ್ಧ ಥಾಪಾ 2023ರಲ್ಲಿ ಕಲ್ಕತ್ತೆಯ ಮೋಹನ ಬಾಗಾನ್ ಕ್ಲಬ್ಬನ್ನು ಸೇರಿದಾಗ, ಇಂಥ ಸಂದರ್ಭಗಳಲ್ಲಿ ಎಂದಿನಂತೆ, ಎರಡು ಬಗೆಯ ಅಭಿಪ್ರಾಯಗಳು ಹೊರಟವು. ಬೆಳೆಸಿದ ಮನೆಯನ್ನು ಬಿಟ್ಟವನು ಕೃತಘ್ನನೆಂದು ಒಂದು ಪಕ್ಷ. ಹೆಚ್ಚು ಸಂಪಾದನೆ ಇರುವೆಡೆಗೆ ಹೋಗುವುದು ದುಡಿಯುವವನ ಹಕ್ಕೆಂದು ಇನ್ನೊಂದು ಪಕ್ಷ.

ಮೇಲುನೋಟಕ್ಕೆ ಈ ವಾದವು ಬಿಡುವಿನ ಹೊತ್ತಿನ ಹರಟೆ. ಆದರೆ ಇದರ ಬುಡದಲ್ಲಿರುವ ಪ್ರಶ್ನೆ ಗಹನವಾದದ್ದು: ಆಟಗಾರನು ಯಾರ ಸ್ವತ್ತು? ಸಾಕಿ ಸಲಹಿದ ಊರಿನದೋ, ಸಂಬಳ ಕೊಡುವ ಕ್ಲಬ್ಬಿನದೋ, ಜಯಕಾರ ಮಾಡುವ ಅಭಿಮಾನಿಯದೋ, ಅಥವಾ ತನ್ನದೇ ತಾನೋ? ಈ ಪ್ರಶ್ನೆಯ ಇತಿಹಾಸದಲ್ಲಿ ಕನ್ನಡ ನಾಡಿಗೆ, ಅದರಲ್ಲಿಯೂ ಬೆಂಗಳೂರಿನ ದಂಡಿಗೆ, ವಿಶಿಷ್ಟವಾದ ಸ್ಥಾನವಿದೆ. ಅದನ್ನು ಸಂಗ್ರಹವಾಗಿ ನಿರೂಪಿಸುವುದು ಪ್ರಕೃತ ಲೇಖನದ ಉದ್ದೇಶ.

ದಂಡಿನ ಬರಿಗಾಲಿನ ಆಟ

ಬೆಂಗಳೂರಿಗೆ ಕಾಲ್ಚೆಂಡು ಬ್ರಿಟಿಷ್ ಸೇನೆಯೊಡನೆ ಬಂದಿತು. ಬಿಳಿಯ ಸಿಪಾಯಿಗಳು ಬೂಟು ತೊಟ್ಟು ಆಡುತ್ತಿದ್ದುದನ್ನು ಮೈದಾನದ ಅಂಚಿನಲ್ಲಿ ನಿಂತು ನೋಡಿದ ಹಲಸೂರು, ಶಿವಾಜಿನಗರ, ಆಸ್ಟಿನ್ ಟೌನ್, ಗೌತಮಪುರ ಮೊದಲಾದ ಕೇರಿಗಳ ಹುಡುಗರು ಅದೇ ಆಟವನ್ನು ಬರಿಗಾಲಿನಲ್ಲಿ ಕಲಿತರು. ಕನ್ನಡ, ತಮಿಳು, ಉರ್ದು, ತೆಲುಗು ಭಾಷೆಗಳು ಒಂದೇ ಓಣಿಯಲ್ಲಿ ಕೇಳಿಬರುತ್ತಿದ್ದ ಆ ಕೇರಿಗಳಲ್ಲಿ ಶಿಕ್ಷಣ ಕೊಡಿಸುವ ಸಂಸ್ಥೆಯಾಗಲಿ ಸಂಬಳ ಕೊಡುವ ಯಜಮಾನನಾಗಲಿ ಇರಲಿಲ್ಲ. ಹಿರಿಯ ಆಟಗಾರರೇ ಗುರುಗಳು. ಕೇರಿಯ ಸಣ್ಣ ಕ್ಲಬ್ಬೇ ಗುರುಕುಲ.

ಆ ಗುರುಕುಲದ ಫಲವು 1937ರಲ್ಲಿ ದೇಶಕ್ಕೆ ಕಂಡಿತು. ಮುಂಬಯಿಯಲ್ಲಿ 1891ರಿಂದ ನಡೆದುಬಂದಿದ್ದ ರೋವರ್ಸ್ ಕಪ್ ಪಂದ್ಯಾವಳಿಯನ್ನು ಅದುವರೆಗೆ ಸೇನಾತಂಡಗಳೇ ಗೆಲ್ಲುತ್ತಿದ್ದವು. ಆ ವರ್ಷ ಬೆಂಗಳೂರು ಮುಸ್ಲಿಮ್ಸ್ ತಂಡವು ಅಂತಿಮ ಪಂದ್ಯದಲ್ಲಿ ಕಲ್ಕತ್ತೆಯ ಮಹಮ್ಮಡನ್ ಸ್ಪೋರ್ಟಿಂಗ್ ಕ್ಲಬ್ಬನ್ನು ಸೋಲಿಸಿ, ಆ ಕಪ್ಪನ್ನು ಗೆದ್ದ ಮೊದಲ ಭಾರತೀಯ ತಂಡವೆನಿಸಿತು. 1938ರಲ್ಲಿ ಮತ್ತೆ ಅದೇ ತಂಡ ಗೆದ್ದಿತು. 1948ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡಕ್ಕೆ ಮತ್ತೆ ಅದೇ ಗೌರವ ದೊರೆಯಿತು. ಈ ನಡುವೆ 1946–47ರಲ್ಲಿ ಮೈಸೂರು ತಂಡವು ಬಂಗಾಳವನ್ನು ಸೋಲಿಸಿ ಸಂತೋಷ್ ಟ್ರೋಫಿಯನ್ನು ಪಡೆದಿತ್ತು.

1948ರ ಲಂಡನ್ ಒಲಿಂಪಿಕ್ಸ್‌ಗೆ ಹೋದ ಭಾರತ ತಂಡದಲ್ಲಿ ಸಾರಂಗಪಾಣಿ ರಾಮನ್, ಅಹ್ಮದ್ ಖಾನ್, ಧನರಾಜ್, ವರದರಾಜ್, ಬಷೀರ್ ಮುಂತಾದವರು ಬೆಂಗಳೂರಿನ ಮೈದಾನಗಳಿಂದ ಹೋದವರು. ಆ ವರ್ಷದ ಜುಲೈ 31ರಂದು ಫ್ರಾನ್ಸಿನೊಡನೆ ನಡೆದ ಪಂದ್ಯದಲ್ಲಿ ಭಾರತವು 2–1ರಿಂದ ಸೋತಿತು. ತಂಡದಲ್ಲಿ ಬರಿಗಾಲಿನಲ್ಲಿ ಆಡಿದವರೇ ಬಹುಮಂದಿ. ಒಲಿಂಪಿಕ್ಸ್ ಕಾಲ್ಚೆಂಡಾಟದಲ್ಲಿ ಭಾರತದ ಪ್ರಥಮ ಗೋಲನ್ನು ಅಂದು ಹೊಡೆದವರು ರಾಮನ್.

ಕಲ್ಕತ್ತೆಯ ಸೆಳೆತ

ಬೆಂಗಳೂರಿನಲ್ಲಿ ಕೀರ್ತಿಯಿತ್ತು, ಜೀವನೋಪಾಯವಿರಲಿಲ್ಲ. ಕಲ್ಕತ್ತೆಯಲ್ಲಿಯೋ 1898ರಿಂದ ಲೀಗು ನಡೆಯುತ್ತಿತ್ತು, ಸಹಸ್ರಾರು ಪ್ರೇಕ್ಷಕರಿದ್ದರು, ರೈಲ್ವೆ, ಬಂದರು, ಸುಂಕದ ಕಚೇರಿ, ವ್ಯಾಪಾರದ ಮಳಿಗೆಗಳಲ್ಲಿ ಕೆಲಸ ಕೊಡಿಸಬಲ್ಲ ಪೋಷಕರಿದ್ದರು. 1934ರಿಂದ 1938ರವರೆಗೆ ಐದು ವರ್ಷ ಸತತವಾಗಿ ಲೀಗನ್ನು ಗೆದ್ದ ಮಹಮ್ಮಡನ್ ಸ್ಪೋರ್ಟಿಂಗ್ ಕ್ಲಬ್ಬು ತನ್ನ ಬಲವನ್ನು ಕಟ್ಟಿದ್ದೇ ಬೆಂಗಳೂರು ಮೊದಲಾದ ದೂರದ ಊರುಗಳಿಂದ ಆಟಗಾರರನ್ನು ತಂದು. 1937ರ ರೋವರ್ಸ್ ಅಂತಿಮ ಪಂದ್ಯವನ್ನು ಈ ಬೆಳಕಿನಲ್ಲಿ ನೋಡಿದರೆ, ಆಟಗಾರರನ್ನು ಬೆಳೆಸುವ ಊರಿಗೂ ಅವರನ್ನು ಸೆಳೆಯುವ ಊರಿಗೂ ಮೈದಾನದಲ್ಲಿಯೇ ಮುಖಾಮುಖಿಯಾದಂತಿತ್ತು.

ಸ್ವಾತಂತ್ರ್ಯಾನಂತರ ಈ ಮಾರ್ಗವನ್ನು ಇನ್ನಷ್ಟು ವ್ಯವಸ್ಥಿತವಾಗಿ ಅನುಸರಿಸಿದವರು ಈಸ್ಟ್ ಬೆಂಗಾಲ್ ಕ್ಲಬ್ಬಿನ ಕಾರ್ಯದರ್ಶಿ ಜ್ಯೋತಿಷ್ ಚಂದ್ರ ಗುಹ. ವೆಂಕಟೇಶ್, ಅಪ್ಪಾರಾವ್, ಧನರಾಜ್, ಅಹ್ಮದ್ ಖಾನ್, ಸಾಲೆ ಎಂಬ ಐವರು ಮುಂಚೂಣಿಯ ಆಟಗಾರರನ್ನು ಬಂಗಾಳದ ಜನ ‘ಪಂಚಪಾಂಡವ’ರೆಂದು ಕರೆದರು. ಐವರಲ್ಲಿ ಒಬ್ಬರೂ ಬಂಗಾಳದವರಲ್ಲ. ಅಹ್ಮದ್ ಖಾನ್, ಧನರಾಜ್ ಇಬ್ಬರೂ ಬೆಂಗಳೂರಿನವರು. 1949, 1950, 1951ರಲ್ಲಿ ಆ ಕ್ಲಬ್ಬು ಸತತವಾಗಿ ಐ.ಎಫ್.ಎ. ಷೀಲ್ಡನ್ನು ಗೆದ್ದಿತು. 1949ರಲ್ಲಿ ಹೋದ ಅಹ್ಮದ್ ಖಾನರು ಹತ್ತು ವರ್ಷ ಒಂದೇ ಕ್ಲಬ್ಬಿನಲ್ಲಿದ್ದು, 1954ರಲ್ಲಿ ಅದರ ನಾಯಕರಾಗಿ, 1959ರಲ್ಲಿ ಅಲ್ಲಿಯ ಆಟವನ್ನು ಮುಗಿಸಿದರು. 2017ರಲ್ಲಿ ಅವರು ತೀರಿಕೊಂಡಾಗ ಬೆಂಗಳೂರಿನಂತೆ ಕಲ್ಕತ್ತೆಯೂ ಅವರನ್ನು ತನ್ನವರೆಂದು ನೆನೆಯಿತು. 1956ರ ಮೆಲ್ಬರ್ನ್ ಮತ್ತು 1960ರ ರೋಮ್ ಒಲಿಂಪಿಕ್ಸ್‌ಗಳ ಭಾರತ ತಂಡದಲ್ಲಿದ್ದ ಬೆಂಗಳೂರಿನ ಮರಿಯಪ್ಪ ಕೆಂಪಯ್ಯನವರು ಮೋಹನ ಬಾಗಾನನ್ನು ಸೇರಿದರು. ವಲಸೆ ಹೋದವನು ನಿಷ್ಠಾಹೀನನೆಂಬ ಮಾತಿಗೆ ಅಹ್ಮದ್ ಖಾನರ ಹತ್ತು ವರ್ಷಗಳೇ ಸಾಕಷ್ಟು ಉತ್ತರ.

ಇಲ್ಲಿ ಗಮನಿಸತಕ್ಕ ಅಂಶವೊಂದುಂಟು. ಅಂದಿನ ಆಟಗಾರನಿಗೂ ಕ್ಲಬ್ಬಿಗೂ ನಡುವೆ ಇಂದಿನ ಅರ್ಥದ ಕರಾರು ಇರಲಿಲ್ಲ. ನಿಯಮದ ಪ್ರಕಾರ ಅವನು ಹವ್ಯಾಸಿ, ಹಣಕ್ಕಾಗಿ ಆಡುವವನಲ್ಲ. ಅವನ ಊಟ ವಸತಿಗಳ ವೆಚ್ಚ, ಕೆಲಸದ ಏರ್ಪಾಡು, ಕೈಯಿಂದ ಕೈಗೆ ದಾಟುವ ಹಣ, ಇವೆಲ್ಲ ಮಾತಿನ ಮೇಲೆ ನಡೆಯುತ್ತಿದ್ದವು. ಪ್ರತಿ ವರ್ಷವೂ ಗೊತ್ತಾದ ದಿನಗಳಲ್ಲಿ ಅವನು ಕಲ್ಕತ್ತೆಯ ಸೂಟರ್‌ಕಿನ್ ಬೀದಿಯಲ್ಲಿದ್ದ ಐ.ಎಫ್.ಎ. ಕಚೇರಿಗೆ ಹೋಗಿ ಸಹಿ ಮಾಡಿದರೆ ಕ್ಲಬ್ಬು ಬದಲಾಗುತ್ತಿತ್ತು. ಈ ‘ದಲಬದಲ್’ ದಿನಗಳು ಸಮೀಪಿಸಿದಾಗ ಕ್ಲಬ್ಬಿನವರು ತಮಗೆ ಬೇಕಾದ ಆಟಗಾರನನ್ನು ಎದುರಾಳಿಗಳ ಕಣ್ಣಿಗೆ ಬೀಳದಂತೆ ಗುಟ್ಟಾದ ಮನೆಯಲ್ಲಿಟ್ಟು, ನೇರವಾಗಿ ಕಚೇರಿಗೆ ಕರೆತಂದು ಸಹಿ ಮಾಡಿಸುವ ವಾಡಿಕೆ ಬೆಳೆಯಿತು. ಬೀದಿಯಲ್ಲಿ ಅಭಿಮಾನಿಗಳ ಜಂಗುಳಿ. ಒಳಗೆ ಒಂದು ಸಹಿ. ಇಂದಿನ ಚರ್ಚೆಗೆ ಆ ಜಂಗುಳಿಯೇ ಪೂರ್ವಜ.

ಸ್ವತಂತ್ರನೂ ನಿರಾಶ್ರಿತನೂ

ಅದೇ ಕಾಲದ ಇಂಗ್ಲೆಂಡಿನ ಸ್ಥಿತಿ ಇದಕ್ಕೆ ತದ್ವಿರುದ್ಧ. ಅಲ್ಲಿ 1885ರಿಂದಲೇ ವೃತ್ತಿ ಆಟಕ್ಕೆ ಮಾನ್ಯತೆಯಿತ್ತು. ಆಟಗಾರನಿಗೆ ಬರೆದುಕೊಟ್ಟ ಕರಾರೂ ವಾರದ ವೇತನವೂ ಇದ್ದವು. ಆದರೆ ಕರಾರು ಮುಗಿದ ಮೇಲೆಯೂ ಕ್ಲಬ್ಬು ಅವನ ನೋಂದಣಿಯನ್ನು ತನ್ನಲ್ಲಿಯೇ ಇಟ್ಟುಕೊಂಡು, ಬೇರೆಡೆ ಆಡದಂತೆ ತಡೆಯಬಹುದಾಗಿತ್ತು. ವೇತನಕ್ಕೂ ಗರಿಷ್ಠ ಮಿತಿಯಿತ್ತು. 1961ರಲ್ಲಿ ಆ ಮಿತಿ ರದ್ದಾದಾಗ ಅದು ವಾರಕ್ಕೆ 20 ಪೌಂಡು. ನ್ಯೂಕ್ಯಾಸಲ್ ಕ್ಲಬ್ಬಿನ ಜಾರ್ಜ್ ಈಸ್ಟ್‌ಹ್ಯಾಮ್ ಹೂಡಿದ ದಾವೆಯಲ್ಲಿ ನ್ಯಾಯಮೂರ್ತಿ ವಿಲ್ಬರ್‌ಫೋರ್ಸ್ ಅವರು 1963ರಲ್ಲಿ ಹೀಗೆ ಹಿಡಿದಿಡುವುದು ವೃತ್ತಿಗೆ ತಂದ ಅನುಚಿತ ನಿರ್ಬಂಧವೆಂದು ತೀರ್ಪಿತ್ತರು. ಬೆಲ್ಜಿಯಮ್ ದೇಶದ ಜೀನ್‌ಮಾರ್ಕ್ ಬಾಸ್ಮನ್ ಪ್ರಕರಣದಲ್ಲಿ 1995ರ ಡಿಸೆಂಬರ್ 15ರಂದು ಯೂರೋಪಿನ ನ್ಯಾಯಾಲಯವು ಇನ್ನೂ ಮುಂದೆ ಹೋಗಿ, ಕರಾರು ಮುಗಿದ ಆಟಗಾರನು ಯೂರೋಪಿನ ಒಕ್ಕೂಟದೊಳಗೆ ಮತ್ತೊಂದು ದೇಶದ ಕ್ಲಬ್ಬಿಗೆ ಹೋಗುವಾಗ ಹಳೆಯ ಕ್ಲಬ್ಬು ಶುಲ್ಕ ಕೇಳಲಾಗದೆಂದು ಸಾರಿತು.

ಎರಡನ್ನೂ ಹೋಲಿಸಿದರೆ ತಥ್ಯ ಹೊಳೆಯುತ್ತದೆ. ಇಂಗ್ಲೆಂಡಿನ ಆಟಗಾರನಿಗೆ ವೇತನದ ಭದ್ರತೆಯಿತ್ತು, ಬಿಟ್ಟುಹೋಗುವ ಸ್ವಾತಂತ್ರ್ಯವಿರಲಿಲ್ಲ. ಕಲ್ಕತ್ತೆಗೆ ಹೋದ ಬೆಂಗಳೂರಿನವನಿಗೆ ವರ್ಷಕ್ಕೊಮ್ಮೆ ಬಿಟ್ಟುಹೋಗುವ ಸ್ವಾತಂತ್ರ್ಯವಿತ್ತು. ಮೊಣಕಾಲು ಮುರಿದು ಮೂಲೆ ಹಿಡಿದರೆ ನ್ಯಾಯಾಲಯದ ಮುಂದೆ ಹಿಡಿಯಲು ಒಂದು ತುಂಡು ಕಾಗದವಿರಲಿಲ್ಲ. ಅವನನ್ನು ಬೆಳೆಸಿದ ಕೇರಿಯ ಕ್ಲಬ್ಬಿಗಂತೂ ಇಂಗ್ಲೆಂಡಿನ ಸಣ್ಣ ಕ್ಲಬ್ಬಿಗೆ ದೊರೆಯುತ್ತಿದ್ದ ಶುಲ್ಕದ ಒಂದು ಕಾಸೂ ಬರಲಿಲ್ಲ.

ಕಾರ್ಖಾನೆ, ಬ್ಯಾಂಕುಗಳ ತಂಡಗಳು

ಈ ಕೊರತೆಯನ್ನು ದಕ್ಷಿಣ ಭಾರತವು ತನ್ನದೇ ರೀತಿಯಲ್ಲಿ ತುಂಬಿಕೊಂಡಿತು. ಬೆಂಗಳೂರಿನಲ್ಲಿ 1940ರಲ್ಲಿ ಸ್ಥಾಪಿತವಾದ ವಿಮಾನ ಕಾರ್ಖಾನೆ, 1948ರ ದೂರವಾಣಿ ಕಾರ್ಖಾನೆ, ಮದರಾಸಿನ ಪೆರಂಬೂರಿನಲ್ಲಿ 1955ರಲ್ಲಿ ಆರಂಭವಾದ ರೈಲುಗಾಡಿ ಕಾರ್ಖಾನೆ, ಅಂತೆಯೇ ಇಂಡಿಯನ್ ಬ್ಯಾಂಕು ಮೊದಲಾದ ಸಂಸ್ಥೆಗಳು ಆಟಗಾರರನ್ನು ನೌಕರರನ್ನಾಗಿ ನೇಮಿಸಿಕೊಂಡು ತಂಡಗಳನ್ನು ಕಟ್ಟಿದವು. ಇಲ್ಲಿ ಕರಾರು ಆಟದ್ದಲ್ಲ, ಉದ್ಯೋಗದ್ದು. ಮಾಸಿಕ ಸಂಬಳ, ಭವಿಷ್ಯನಿಧಿ, ನಿವೃತ್ತಿವೇತನ, ಪಂದ್ಯಗಳಿಗೆ ವಿಶೇಷ ರಜೆ ಇವು ಅದರ ಅಂಗಗಳು. ಮೂವತ್ತೈದನೆಯ ವಯಸ್ಸಿನಲ್ಲಿ ಕಾಲು ಸೋತರೆ ಕೈಗೆ ಲೆಕ್ಕದ ಪುಸ್ತಕವಿರುತ್ತಿತ್ತು.

ಈ ಏರ್ಪಾಡಿನಲ್ಲಿ ಆಟಗಾರನಿಗೆ ಬೆಲೆ ಕಟ್ಟುವ ಪ್ರಸಂಗವೇ ಇರಲಿಲ್ಲ. ಗುಮಾಸ್ತನೊಬ್ಬನ ರಾಜೀನಾಮೆಯನ್ನು ಯಾರೂ ವರ್ಗಾವಣೆಯ ವ್ಯಾಪಾರವೆನ್ನುವುದಿಲ್ಲ. ಆದರೂ ಅದರಲ್ಲಿ ಒಂದು ಕಠಿಣ ಆಯ್ಕೆ ಅಡಗಿತ್ತು. ಇಪ್ಪತ್ತೈದರ ಹರೆಯದ ಆಟಗಾರನಿಗೆ ದೊಡ್ಡ ಕ್ಲಬ್ಬಿನಿಂದ ಕರೆ ಬಂದರೆ, ಖಾಯಂ ನೌಕರಿಯನ್ನು ಬಿಟ್ಟು ಹತ್ತು ವರ್ಷದ ಹಣ ಕೀರ್ತಿಗಳನ್ನು ಅರಸಬೇಕೋ, ತಂದೆತಾಯಿಗಳ ಮುಖ ನೋಡಿ ಮೇಜನ್ನೇ ನಂಬಬೇಕೋ? ಎಷ್ಟೋ ಮಂದಿ ಮೇಜನ್ನೇ ಆರಿಸಿಕೊಂಡರು; ಅವರನ್ನು ಯಾರೂ ಹೇಡಿಗಳೆನ್ನಲಾರರು. ಇಂಡಿಯನ್ ಬ್ಯಾಂಕಿನ ತಂಡವು 2003–04ರ ರಾಷ್ಟ್ರೀಯ ಲೀಗಿನಲ್ಲಿಯೂ, ಬೆಂಗಳೂರಿನ ವಿಮಾನ ಕಾರ್ಖಾನೆಯ ತಂಡವು 2010ರಿಂದ 2012ರವರೆಗೆ ಐ-ಲೀಗಿನಲ್ಲಿಯೂ, ಹಣವಂತ ಕ್ಲಬ್ಬುಗಳ ಎದುರಿಗೆ ಆಡಿದ್ದು ಆ ಪರಂಪರೆಯ ಕೊನೆಯ ದೊಡ್ಡ ಸಾಹಸಗಳಲ್ಲಿ ಸೇರತಕ್ಕದ್ದು.

1996ರಲ್ಲಿ ರಾಷ್ಟ್ರೀಯ ಲೀಗು ಬಂದ ಮೇಲೆ ವೃತ್ತಿ ಕರಾರು ಕ್ರಮೇಣ ನೆಲೆಗೊಂಡಿತು. 2013ರಲ್ಲಿ ಬೆಂಗಳೂರು ಕ್ಲಬ್ಬೂ 2014ರಲ್ಲಿ ಚೆನ್ನೈಯಿನ್ ಕ್ಲಬ್ಬೂ ಹುಟ್ಟಿದವು. 2015ರ ಜುಲೈಯಲ್ಲಿ ಇಂಡಿಯನ್ ಸೂಪರ್ ಲೀಗಿನವರು ನಡೆಸಿದ ಹರಾಜಿನಲ್ಲಿ ಬೆಂಗಳೂರು ಕ್ಲಬ್ಬಿನ ಸುನಿಲ್ ಛೇತ್ರಿಯನ್ನು ಮುಂಬಯಿಯವರು 1.20 ಕೋಟಿ ರೂಪಾಯಿಗೂ ಯೂಜಿನ್‌ಸನ್ ಲಿಂಗ್ಡೋವನ್ನು ಪುಣೆಯವರು 1.05 ಕೋಟಿ ರೂಪಾಯಿಗೂ ಪಡೆದರು. ಸೂಟರ್‌ಕಿನ್ ಬೀದಿಯ ಗುಟ್ಟಿನ ಸಹಿ ಹೀಗೆ ದೂರದರ್ಶನದ ಬೆಳಕಿಗೆ ಬಂದಿತು.

ಕಾನೂನಿನ ಮಾತು

ಅಭಿಮಾನಿಗಳ ವಾದದಲ್ಲಿ ಸಾಮಾನ್ಯವಾಗಿ ಮರೆತುಹೋಗುವುದು ದೇಶದ ಶಾಸನ. ವ್ಯಕ್ತಿಯೊಬ್ಬನು ನ್ಯಾಯವಾದ ವೃತ್ತಿ ವ್ಯಾಪಾರಗಳನ್ನು ನಡೆಸದಂತೆ ತಡೆಯುವ ಒಪ್ಪಂದವು ಆ ಮಟ್ಟಿಗೆ ಅಸಿಂಧುವೆಂದು 1872ರ ಭಾರತೀಯ ಕರಾರು ಕಾಯಿದೆಯ 27ನೆಯ ಪ್ರಕರಣವು ಹೇಳುತ್ತದೆ. ಈ ಪ್ರಕರಣದ ವ್ಯಾಪ್ತಿಯನ್ನು ಮೊದಲು ವಿಶದಪಡಿಸಿದ ತೀರ್ಪುಗಳಲ್ಲಿ 1874ರ ಒಂದು ತೀರ್ಪು ಕಲ್ಕತ್ತೆಯದೇ. ಅಲ್ಲಿ ವಾದಿ ಪ್ರತಿವಾದಿಗಳು ಕಂಚುಗಾರ ವ್ಯಾಪಾರಿಗಳು.

ಕರಾರಿನ ಅವಧಿಯೊಳಗಿನ ನಿರ್ಬಂಧಕ್ಕೂ ಅವಧಿ ಮುಗಿದ ಮೇಲಿನ ನಿರ್ಬಂಧಕ್ಕೂ ಉಚ್ಚತಮ ನ್ಯಾಯಾಲಯವು ಸ್ಪಷ್ಟವಾದ ಭೇದವನ್ನು ಕಲ್ಪಿಸಿದೆ. 1967ರ ಗೋಲಿಕೇರಿ ಪ್ರಕರಣದಲ್ಲಿ, ಐದು ವರ್ಷಕ್ಕೆ ಒಪ್ಪಿ ತರಬೇತಿ ಪಡೆದು ನಡುವೆಯೇ ಪ್ರತಿಸ್ಪರ್ಧಿ ಕಾರ್ಖಾನೆಯನ್ನು ಸೇರಿದ ನೌಕರನನ್ನು ಉಳಿದ ಅವಧಿಗೆ ತಡೆದದ್ದು ಸರಿಯೆಂದಿತು. 2006ರಲ್ಲಿ ಕ್ರಿಕೆಟ್ ಆಟಗಾರ ಜಹೀರ್ ಖಾನ್ ಪ್ರಕರಣದಲ್ಲಿ, ಪ್ರಚಾರ ವ್ಯವಹಾರ ನೋಡಿಕೊಳ್ಳುತ್ತಿದ್ದ ಸಂಸ್ಥೆಯೊಂದು ಕರಾರು ಮುಗಿದ ಮೇಲೆಯೂ ತನಗೇ ಮೊದಲ ಅವಕಾಶ ಸಲ್ಲಬೇಕೆಂದು ಸಾಧಿಸಿದಾಗ, ಅದು 27ನೆಯ ಪ್ರಕರಣಕ್ಕೆ ವಿರುದ್ಧವೆಂದಿತು. ಇವುಗಳಿಂದ ಸಿದ್ಧವಾಗುವ ತತ್ತ್ವವನ್ನು ಕಾಲ್ಚೆಂಡಿಗೆ ಅನ್ವಯಿಸುವುದು ಕಷ್ಟವಲ್ಲ. ಕೊಟ್ಟ ಮಾತಿನ ಅವಧಿಯಲ್ಲಿ ಬಿಟ್ಟುಹೋಗುವವನು ಪರಿಹಾರಕ್ಕೆ ಹೊಣೆ. ಅವಧಿ ಮುಗಿಸಿ ಹೋಗುವವನು ಯಾರಿಗೂ ಋಣಿಯಲ್ಲ. ಕೃತಘ್ನನೆಂಬ ಬೈಗಳನ್ನು ಎಸೆಯುವ ಮೊದಲು ಅಭಿಮಾನಿಯು ಕರಾರಿನ ಕೊನೆಯ ತಾರೀಖನ್ನು ನೋಡುವುದು ಒಳ್ಳೆಯದು.

ಅವಧಿಯೊಳಗಿನ ವಿವಾದವೂ ಸರಳವಲ್ಲವೆಂಬುದಕ್ಕೆ 2024ರ ಅನ್ವರ್ ಅಲಿ ಪ್ರಕರಣವೇ ಸಾಕ್ಷಿ. ಮೋಹನ ಬಾಗಾನಿನಲ್ಲಿ ಎರವಲಾಗಿ ಆಡುತ್ತಿದ್ದ ಅವರು ಈಸ್ಟ್ ಬೆಂಗಾಲನ್ನು ಸೇರಿದಾಗ, ಅಖಿಲ ಭಾರತ ಒಕ್ಕೂಟದ ಸಮಿತಿಯು ಸೆಪ್ಟೆಂಬರಿನಲ್ಲಿ ಅವರಿಗೆ 4 ತಿಂಗಳ ನಿಷೇಧವನ್ನೂ, ಅವರೂ ಸೇರಿ ಸಂಬಂಧಪಟ್ಟವರು 12.90 ಕೋಟಿ ರೂಪಾಯಿ ಪರಿಹಾರ ಕೊಡಬೇಕೆಂಬ ಆದೇಶವನ್ನೂ ವಿಧಿಸಿತು. ದೆಹಲಿಯ ಉಚ್ಚ ನ್ಯಾಯಾಲಯದ ಮುಂದೆ ವಿಷಯ ಬಂದಾಗ ಒಕ್ಕೂಟವೇ ಆ ಆದೇಶವನ್ನು ಹಿಂದಕ್ಕೆ ಪಡೆದು ಮರುವಿಚಾರಣೆಗೆ ಒಪ್ಪಬೇಕಾಯಿತು. ಶಿಕ್ಷಿಸುವವರೂ ನಿಯಮಕ್ಕೆ ಅಧೀನರೆಂಬುದು ಇದರ ತಾತ್ಪರ್ಯ.

ಇನ್ನು ನಿಷ್ಠೆಯು ಆಟಗಾರನೊಬ್ಬನಿಂದಲೇ ನಿರೀಕ್ಷಿಸತಕ್ಕ ಗುಣವೆ? 2025ರ ಜುಲೈಯಲ್ಲಿ, ಒಕ್ಕೂಟಕ್ಕೂ ಲೀಗನ್ನು ನಡೆಸುವ ಸಂಸ್ಥೆಗೂ ಇದ್ದ ಒಪ್ಪಂದವು ನವೀಕರಣವಾಗದ ಕಾರಣ, ಸೂಪರ್ ಲೀಗಿನ ಮುಂದಿನ ಋತುವನ್ನು ತಡೆಹಿಡಿಯಲಾಯಿತು. ಆಗಸ್ಟಿನಲ್ಲಿ ಬೆಂಗಳೂರು ಕ್ಲಬ್ಬು ತನ್ನ ಮೊದಲ ತಂಡದ ಆಟಗಾರರ ಮತ್ತು ಸಿಬ್ಬಂದಿಯ ವೇತನವನ್ನು ನಿಲ್ಲಿಸಿರುವುದಾಗಿ ಪ್ರಕಟಿಸಿತು. ಚೆನ್ನೈಯಿನ್ ಕ್ಲಬ್ಬೂ ಮೊದಲ ತಂಡದ ಚಟುವಟಿಕೆಗಳನ್ನು ನಿಲ್ಲಿಸಿತು. ಕ್ಲಬ್ಬುಗಳಿಗೆ ಕಷ್ಟವಿದ್ದುದು ನಿಜ. ಆದರೂ ಕರಾರೆಂಬುದು ಎರಡು ಕೈಗಳ ಸಹಿ. ಎರಡು ತಿಂಗಳ ವೇತನ ಬಾಕಿಯಾದರೆ, ಲಿಖಿತ ಸೂಚನೆ ಕೊಟ್ಟು 15 ದಿನ ಕಾದು, ಆಟಗಾರನು ಕರಾರನ್ನು ನ್ಯಾಯಸಮ್ಮತವಾಗಿ ಮುರಿಯಬಹುದೆಂದು ಫಿಫಾ 2018ರಲ್ಲಿ ಸೇರಿಸಿದ ನಿಯಮವು ಈ ಸಾಮಾನ್ಯ ನ್ಯಾಯವನ್ನೇ ಅಕ್ಷರಕ್ಕೆ ಇಳಿಸಿದೆ.

ಸಾಕಿದವರ ಪಾಲು

ಹಾಗಾದರೆ ಬೆಳೆಸಿದ ಊರಿಗೆ ಯಾವ ಹಕ್ಕೂ ಇಲ್ಲವೆ? ಇದೆ, ಆದರೆ ಆ ಹಕ್ಕು ಆಟಗಾರನ ಕಾಲಿಗೆ ಸಂಕೋಲೆಯಾಗಕೂಡದು. ಫಿಫಾ 2001ರಲ್ಲಿ ತಂದ ನಿಯಮಗಳ ಪ್ರಕಾರ, ಕರಾರಿನ ಅವಧಿಯಲ್ಲಿರುವ ಆಟಗಾರನು ಶುಲ್ಕಕ್ಕೆ ಬೇರೊಂದು ದೇಶದ ಕ್ಲಬ್ಬಿಗೆ ಹೋದಾಗ, ಆ ಶುಲ್ಕದ ಶೇಕಡ 5 ಭಾಗವು ಅವನು 12ರಿಂದ 23ರ ವಯಸ್ಸಿನವರೆಗೆ ಆಡಿದ ಕ್ಲಬ್ಬುಗಳಿಗೆ ಹಂಚಿಕೆಯಾಗತಕ್ಕದ್ದು. ಹುಡುಗನನ್ನು ಹಿಡಿದಿಡದೆ ಗುರುಕುಲಕ್ಕೆ ದಕ್ಷಿಣೆ ಸಲ್ಲಿಸುವ ಈ ಮಾರ್ಗವು 1949ರಲ್ಲಿ ಬೆಂಗಳೂರಿಗೆ ಇರಲಿಲ್ಲ. ಇಂದು ಮಾರ್ಗವಿದ್ದರೂ ಅದರಲ್ಲಿ ನಡೆಯಲು ದಾಖಲೆ ಬೇಕು. ಯಾವ ಹುಡುಗ ಯಾವ ವರ್ಷ ಯಾವ ಕ್ಲಬ್ಬಿನಲ್ಲಿದ್ದನೆಂಬ ನೋಂದಣಿಯಿಲ್ಲದ ಕೇರಿಯ ಕ್ಲಬ್ಬಿಗೆ ನಿಯಮದ ಫಲ ಮುಟ್ಟುವುದಿಲ್ಲ. ಕಾಲ್ಚೆಂಡಿನ ಮೇಲೆ ಪ್ರೀತಿಯುಳ್ಳ ವಿದ್ಯಾವಂತರು, ಆಟಗಾರರನ್ನು ಬೈಯುವ ಶ್ರಮವನ್ನು ಈ ಕಡೆಗೆ ತಿರುಗಿಸಿ, ಗೌತಮಪುರದಂಥ ಕೇರಿಗಳ ಕ್ಲಬ್ಬುಗಳಿಗೆ ಪುಸ್ತಕ ಬರೆದಿಡಲು ನೆರವಾದರೆ ಅದು ನಿಜವಾದ ಸೇವೆಯಾದೀತು.

ವಲಸೆಯಿಂದಲೇ ಕನ್ನಡ ನಾಡಿನ ಆಟ ಕ್ಷೀಣಿಸಿತೆಂಬ ಮಾತನ್ನೂ ಇಲ್ಲಿ ಪರಿಶೀಲಿಸಬಹುದು. ಕಲ್ಕತ್ತೆಯ ಸೆಳೆತವು ಪ್ರಬಲವಾಗಿದ್ದ ಕಾಲದಲ್ಲಿಯೇ ಮೈಸೂರು ತಂಡವು 1952–53ರಲ್ಲಿಯೂ, ಬಳಿಕ 1967–68 ಮತ್ತು 1968–69ರಲ್ಲಿಯೂ ಸಂತೋಷ್ ಟ್ರೋಫಿಯನ್ನು ಗೆದ್ದಿತು. ಹೋದವರ ಜಾಗಕ್ಕೆ ಮತ್ತೆ ಮತ್ತೆ ಹೊಸಬರು ಬಂದರು. ಆಮೇಲೆ 54 ವರ್ಷ ಕಾದು, 2023ರ ಮಾರ್ಚ್ 4ರಂದು ರಿಯಾಧಿನಲ್ಲಿ ಕರ್ನಾಟಕವು ಮೇಘಾಲಯವನ್ನು 3–2ರಿಂದ ಸೋಲಿಸಿ ಅದನ್ನು ಮರಳಿ ಪಡೆಯಿತು. ಆ ದೀರ್ಘವಾದ ಬರಗಾಲಕ್ಕೆ ಹೊರಟುಹೋದವರನ್ನು ದೂರುವುದು ಇತಿಹಾಸಕ್ಕೆ ಒಪ್ಪುವುದಿಲ್ಲ. ತೊರೆ ಹರಿದುಹೋಗುವುದರಿಂದ ಬತ್ತುವುದಿಲ್ಲ. ಒರತೆ ಮುಚ್ಚಿದರೆ ಬತ್ತುತ್ತದೆ.

2018ರ ಮಾರ್ಚ್ 17ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಚೆನ್ನೈಯಿನ್ ತಂಡವು ಬೆಂಗಳೂರು ತಂಡವನ್ನು 3–2ರಿಂದ ಸೋಲಿಸಿ ಸೂಪರ್ ಲೀಗನ್ನು ಗೆದ್ದಿತು. ಹುಟ್ಟಿದೂರು ಒಂದು ಕಡೆ, ಅನ್ನವಿತ್ತ ಊರು ಇನ್ನೊಂದು ಕಡೆ. ಅಣ್ಣಾ ನಗರದ ಕನ್ನಡಿಗನಿಗೆ ಅಂದು ಯಾರಿಗೆ ಜಯಕಾರ ಹಾಕಬೇಕೆಂಬುದು ಸುಲಭದ ಪ್ರಶ್ನೆಯಾಗಿರಲಿಲ್ಲ. ಉದ್ಯೋಗವನ್ನರಸಿ ಕಾವೇರಿಯ ಹರಿವಿನ ಗುಂಟ ಪೂರ್ವಕ್ಕೆ ಬಂದು, ಇಲ್ಲಿಯೇ ಮನೆ ಕಟ್ಟಿ, ಮಕ್ಕಳಿಗೆ ಕನ್ನಡ ಕಲಿಸಲು ಸಂಘ ಕಟ್ಟಿದವರನ್ನು ಯಾರಾದರೂ ಕೃತಘ್ನರೆಂದರೆ ಅವರು ಒಪ್ಪಲಾರರು. 1949ರಲ್ಲಿ ಕಲ್ಕತ್ತೆಗೆ ರೈಲು ಹತ್ತಿದ ಬರಿಗಾಲಿನ ಆಟಗಾರನಿಗೂ 2023ರಲ್ಲಿ ಚೆನ್ನೈಯನ್ನು ಬಿಟ್ಟ ಆಟಗಾರನಿಗೂ ಅದೇ ನ್ಯಾಯ ಸಲ್ಲಬೇಕು.